ಲಿನಕ್ಸ್ ಪರದೆಯ ಸೆಟ್ಟಿಂಗ್ಸ್: ಟೂಲ್ ಸಾಕೇ, ಕಡತಕ್ಕೆ ಕೈ ಹಾಕಬೇಕೇ?

ಹೊಸದಾಗಿ ಲಿನಕ್ಸ್ ಹಾಕಿಕೊಂಡವರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ. ಮಾನಿಟರ್ 1920×1080ರದ್ದು, ಆದರೆ ಚಿತ್ರ 1024×768ರಲ್ಲೇ ನಿಂತುಬಿಟ್ಟಿದೆ. ಇಲ್ಲವೇ ಪ್ರೊಜೆಕ್ಟರ್ ಜೋಡಿಸಿದರೆ ಏನೂ ಮೂಡುವುದಿಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ಒಬ್ಬರು ‘ಎಕ್ಸ್‌ಆರ್ಗ್.ಕಾನ್ಫ್ ಕಡತವನ್ನು ಹೀಗೆ ಬರೆಯಿರಿ’ ಎಂದು, ಪರದೆಯ ಸೆಟ್ಟಿಂಗ್ ಬರೆದಿಡುವ ಆ ಕಡತಕ್ಕೆ ಪುಟಗಟ್ಟಲೆ ಸಾಲು ಕೊಡುತ್ತಾರೆ. ಇನ್ನೊಬ್ಬರು ‘ಆ ಕಡತವೆಲ್ಲ ಹಳೆಯ ಕಾಲದ್ದು, ಸೆಟ್ಟಿಂಗ್ಸ್ ತೆರೆದು ನೋಡಿ’ ಎನ್ನುತ್ತಾರೆ. ಸೆಟ್ಟಿಂಗ್ಸ್ ತೆರೆದರೆ ಬೇಕಾದ ರೆಸಲ್ಯೂಷನ್ ಪಟ್ಟಿಯಲ್ಲೇ ಇರುವುದಿಲ್ಲ. ಯಾರ ಮಾತು ಕೇಳುವುದು?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಾನಿಟರ್ ತನ್ನ ಪರಿಚಯವನ್ನು ತಾನೇ ಸರಿಯಾಗಿ ಹೇಳಿಕೊಳ್ಳುತ್ತಿದ್ದರೆ ಡಿಸ್ಟ್ರೋ (ಉಬುಂಟು, ಫೆಡೋರಾ ಮೊದಲಾದ ನಿಮ್ಮ ಲಿನಕ್ಸ್ ಬಗೆ) ಕೊಟ್ಟಿರುವ ಟೂಲ್ ಬಿಟ್ಟು ಬೇರೆಲ್ಲಿಗೂ ಹೋಗಬೇಡಿ. ಅದು ಹೇಳಿಕೊಳ್ಳದೆ ಹೋದಾಗ, ಇಲ್ಲವೇ ಸೆಟ್ಟಿಂಗ್ ಲಾಗಿನ್‌ಗೂ ಮೊದಲೇ ಎಲ್ಲ ಬಳಕೆದಾರರಿಗೂ ಜಾರಿಯಾಗಬೇಕಾದಾಗ ಕೈಯಿಂದ ಬರೆಯಿರಿ. ಆಗಲೂ ಅಗತ್ಯವಿರುವ ನಾಲ್ಕಾರು ಸಾಲುಗಳನ್ನಷ್ಟೇ ಬರೆಯಿರಿ. ಇಡೀ ಕಡತವನ್ನು ಎಲ್ಲಿಂದಲೋ ತಂದು ಅಂಟಿಸಬೇಡಿ.

ಸಲಹೆಗಳು ಹೀಗೆ ಪರಸ್ಪರ ವಿರುದ್ಧವಾಗಿರುವುದಕ್ಕೆ ಕಾರಣ, ಅವು ಬೇರೆ ಬೇರೆ ಕಾಲದವು. 2000ದ ದಶಕದ ಮಧ್ಯದವರೆಗೆ ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಸರಿಯಾಗಿ ಮೂಡಬೇಕೆಂದರೆ ಕಾರ್ಡ್ ಯಾವುದು, ಮಾನಿಟರಿನ ಅಡ್ಡ ಮತ್ತು ಲಂಬ ಆವರ್ತನಗಳ ಮಿತಿ ಎಷ್ಟು ಎಂಬುದನ್ನೆಲ್ಲ ಒಂದು ಕಡತದಲ್ಲಿ ಬರೆದಿಡುವುದು ವಾಡಿಕೆಯಾಗಿತ್ತು. ಹಳೆಯ ಸಿಆರ್‌ಟಿ ಮಾನಿಟರಿಗೆ ತಪ್ಪು ಆವರ್ತನ ಕೊಟ್ಟರೆ ಅದು ಕೆಟ್ಟೇ ಹೋಗಬಹುದು ಎಂಬ ಎಚ್ಚರಿಕೆ ಕೈಪಿಡಿಗಳಲ್ಲಿ ಇರುತ್ತಿತ್ತು. ಸೂಸೆಯ ಸ್ಯಾಕ್ಸ್2, ಮ್ಯಾಂಡ್ರೇಕ್‌ನ ಎಕ್ಸ್‌ಎಫ್‌ಡ್ರೇಕ್, ರೆಡ್ ಹ್ಯಾಟ್ ಬಳಗದ ಸಿಸ್ಟಮ್-ಕಾನ್ಫಿಗ್-ಡಿಸ್ಪ್ಲೇ ಇವೆಲ್ಲ ಆ ಕಡತವನ್ನು ನಮ್ಮ ಪರವಾಗಿ ಬರೆದುಕೊಡುತ್ತಿದ್ದ ಟೂಲ್‌ಗಳು. ಅಂದರೆ ಆಗ ಟೂಲ್ ಬಳಸಿದರೂ ಕೈಯಿಂದ ಬರೆದರೂ ಕೊನೆಗೆ ತಯಾರಾಗುತ್ತಿದ್ದದ್ದು ಒಂದೇ ಕಡತ.

2007ರಲ್ಲಿ, ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ಮೂಡಿಸುವ ಎಕ್ಸ್ ಎಂಬ ವ್ಯವಸ್ಥೆಗೆ ರ್ಯಾಂಡರ್ 1.2 ಎಂಬ ವಿಸ್ತರಣೆ ಬಂದಿತು. ಪರದೆಯ ವಿನ್ಯಾಸವನ್ನು ಕೆಲಸದ ನಡುವೆಯೇ, ಲಾಗೌಟ್ ಆಗದೆ ಬದಲಾಯಿಸುವುದು ಅದರಿಂದ ಸಾಧ್ಯವಾಯಿತು. 2009ರ ಹೊತ್ತಿಗೆ ಪರದೆಯ ಮೋಡ್ (ರೆಸಲ್ಯೂಷನ್ ಮತ್ತು ರಿಫ್ರೆಶ್ ರೇಟಿನ ಜೋಡಿ) ನಿಗದಿ ಮಾಡುವ ಕೆಲಸ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರತೊಡಗಿತು. 2010ರಲ್ಲಿ ಎಕ್ಸ್ ಸರ್ವರ್ 1.8 ಬಂದಾಗ ಒಂದೇ ದೊಡ್ಡ ಕಡತದ ಬದಲು ಎಕ್ಸ್‌ಆರ್ಗ್.ಕಾನ್ಫ್.ಡಿ ಎಂಬ ಫೋಲ್ಡರಿನಲ್ಲಿ ಚಿಕ್ಕ ಚಿಕ್ಕ ತುಣುಕು ಕಡತಗಳನ್ನು ಇಡುವ ಅನುಕೂಲ ಸಿಕ್ಕಿತು. ಈಗಿನ ಸೆಟ್ಟಿಂಗ್ಸ್ ಟೂಲ್‌ಗಳು ಆ ಹಳೆಯ ಕಡತವನ್ನು ಮುಟ್ಟುವುದೇ ಇಲ್ಲ. ಅವು ಓಡುತ್ತಿರುವ ಡೆಸ್ಕ್‌ಟಾಪ್ ಜೊತೆ ನೇರವಾಗಿ ಮಾತಾಡಿ, ಫಲಿತಾಂಶವನ್ನು ಬಳಕೆದಾರನ ಹೋಮ್ ಫೋಲ್ಡರಿನಲ್ಲಿ ಬರೆದುಕೊಳ್ಳುತ್ತವೆ. ಹೀಗಾಗಿ ಇಂದು ಟೂಲ್ ಮತ್ತು ಕಡತ ಎರಡು ಬೇರೆ ಬೇರೆ ಹಂತಗಳಲ್ಲಿ ಕೆಲಸ ಮಾಡುತ್ತವೆ. 2006ರ ಸಲಹೆಯನ್ನು ಇಂದಿನ ಯಂತ್ರಕ್ಕೆ ಹಾಕಿದರೆ ಕೆಡುವುದು ಇದರಿಂದಲೇ.

ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದದ್ದು

ಮೊದಲನೆಯದು, ನಿಮ್ಮದು ಎಕ್ಸ್ ಸೆಷನ್ನೋ ವೇಲ್ಯಾಂಡ್ ಸೆಷನ್ನೋ ಎಂಬುದು. ವೇಲ್ಯಾಂಡ್ ಎಂದರೆ ಎಕ್ಸ್‌ನ ಜಾಗಕ್ಕೆ ಬರುತ್ತಿರುವ ಹೊಸ ವ್ಯವಸ್ಥೆ. ಉಳಿದೆಲ್ಲ ಇದರ ಮೇಲೆ ನಿಂತಿದೆ. ವೇಲ್ಯಾಂಡ್‌ನಲ್ಲಿ ಎಕ್ಸ್‌ಆರ್ಗ್ ಕಡತಗಳನ್ನು ಯಾರೂ ಓದುವುದಿಲ್ಲ. ಎಷ್ಟು ಚೆನ್ನಾಗಿ ಬರೆದರೂ ವ್ಯರ್ಥ. ಗ್ನೋಮ್ ಎಂಬ ಡೆಸ್ಕ್‌ಟಾಪಿನಲ್ಲಿ ಸೆಟ್ಟಿಂಗ್ಸ್ ಒಳಗಿನ ಸಿಸ್ಟಮ್ ಮಾಹಿತಿಯ ಪುಟದಲ್ಲಿ ವಿಂಡೋ ವ್ಯವಸ್ಥೆ ಯಾವುದೆಂದು ಬರೆದಿರುತ್ತದೆ. ಫೆಡೋರಾ 2016ರ 25ನೇ ಆವೃತ್ತಿಯಿಂದ, ಡೆಬಿಯನ್ 2019ರ 10ನೇ ಆವೃತ್ತಿಯಿಂದ, ಉಬುಂಟು 21.04ರಿಂದ ಗ್ನೋಮ್‌ಗೆ ವೇಲ್ಯಾಂಡನ್ನೇ ಮೊದಲ ಆಯ್ಕೆಯಾಗಿ ಇಟ್ಟಿವೆ. ಲಿನಕ್ಸ್ ಮಿಂಟ್‌ನ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬಳಸುವವರು ಸಾಮಾನ್ಯವಾಗಿ ಇನ್ನೂ ಎಕ್ಸ್ ಮೇಲೆಯೇ ಇರುತ್ತಾರೆ.

ಎರಡನೆಯದು, ಮಾನಿಟರ್ ಕೊಡುವ ಮಾಹಿತಿ ಯಂತ್ರಕ್ಕೆ ತಲುಪುತ್ತಿದೆಯೇ ಎಂಬುದು. ಇದನ್ನು ಕೆಳಗೆ ವಿವರವಾಗಿ ನೋಡೋಣ, ಏಕೆಂದರೆ ಹೆಚ್ಚಿನ ಗೋಳಿನ ಮೂಲ ಇಲ್ಲಿದೆ.

ಆಮೇಲೆ, ಸೆಟ್ಟಿಂಗ್ ಯಾರಿಗೆ, ಯಾವಾಗ ಬೇಕು? ನಿಮ್ಮೊಬ್ಬರಿಗೆ ಲಾಗಿನ್ ಆದ ಮೇಲೆ ಸಾಕೇ, ಅಥವಾ ಲಾಗಿನ್ ಪರದೆಯಲ್ಲೂ ಬೇಕೇ? ಯಂತ್ರ ಒಂದೇ ಮೇಜಿನ ಮೇಲೆ ಇರುತ್ತದೆಯೇ, ಅಥವಾ ಮನೆ, ಕಚೇರಿ, ತರಗತಿ ಎಂದು ತಿರುಗುತ್ತದೆಯೇ? ಒಂದೇ ಯಂತ್ರವೇ, ಮೂವತ್ತು ಯಂತ್ರಗಳ ಲ್ಯಾಬೇ? ಮತ್ತು, ಇದು ಬಹಳ ಮುಖ್ಯ, ಪರದೆ ಪೂರ್ತಿ ಕಪ್ಪಾದರೆ ಅಲ್ಲಿಂದ ಹೊರಬರುವ ದಾರಿ ನಿಮಗೆ ಗೊತ್ತಿದೆಯೇ?

ಮಾನಿಟರಿನ ಪರಿಚಯಪತ್ರ

ಪ್ರತಿ ಮಾನಿಟರಿನೊಳಗೂ ಇಡಿಐಡಿ ಎಂಬ ಪುಟ್ಟ ದತ್ತಾಂಶವಿರುತ್ತದೆ. ಅದರ ಮೂಲಭಾಗ ಬರೀ 128 ಬೈಟ್. ತಯಾರಕರ ಸಂಕೇತ, ತಯಾರಾದ ವರ್ಷ, ಪರದೆಯ ಅಳತೆ ಸೆಂಟಿಮೀಟರ್‌ಗಳಲ್ಲಿ, ಯಾವ ಯಾವ ರೆಸಲ್ಯೂಷನ್ ಎಷ್ಟು ರಿಫ್ರೆಶ್ ರೇಟಿನಲ್ಲಿ ಒಗ್ಗುತ್ತದೆ ಎಂಬುದೆಲ್ಲ ಅದರಲ್ಲಿ ಅಡಕವಾಗಿರುತ್ತದೆ. ಕೇಬಲ್ ಚುಚ್ಚಿದಾಗ ಕರ್ನಲ್ ಇದನ್ನು ಓದಿಕೊಳ್ಳುತ್ತದೆ. ಸೆಟ್ಟಿಂಗ್ಸ್ ಕಿಟಕಿಯಲ್ಲಿ ನೀವು ನೋಡುವ ರೆಸಲ್ಯೂಷನ್ ಪಟ್ಟಿ ಮುಖ್ಯವಾಗಿ ಇಲ್ಲಿಂದ ಬಂದದ್ದು.

ಈ ಮಾಹಿತಿ ಸಿಗದಿದ್ದರೆ ಕರ್ನಲ್ ಅಪಾಯ ತಂದುಕೊಳ್ಳದೆ 1024×768ರವರೆಗಿನ ಮೋಡ್‌ಗಳನ್ನು ಮಾತ್ರ ಕೊಡುತ್ತದೆ. ಎಷ್ಟೋ ಜನ ‘ಲಿನಕ್ಸ್‌ಗೆ ನನ್ನ ಗ್ರಾಫಿಕ್ಸ್ ಕಾರ್ಡ್ ಒಗ್ಗಲಿಲ್ಲ’ ಎಂದುಕೊಳ್ಳುವ ಆ 1024×768 ಬರುವುದು ಬಹಳ ಸಲ ಇದರಿಂದ. ಕಾರ್ಡ್ ಸರಿಯಾಗಿದೆ, ಡ್ರೈವರ್ ಸರಿಯಾಗಿದೆ. ಮಾನಿಟರಿನ ಮಾತು ಮಾತ್ರ ಯಂತ್ರದ ಕಿವಿಗೆ ಬೀಳುತ್ತಿಲ್ಲ. ವಿಜಿಎ ಕೇಬಲಿನಲ್ಲಿ ಈ ಮಾಹಿತಿ ಹೋಗುವುದು 12 ಮತ್ತು 15ನೇ ಪಿನ್‌ಗಳ ಮೂಲಕ. ಅಗ್ಗದ ಕೇಬಲ್‌ಗಳಲ್ಲಿ, ಒಂದು ಸಿಗ್ನಲನ್ನು ಎರಡು ಮಾಡುವ ಸ್ಪ್ಲಿಟರ್‌ಗಳಲ್ಲಿ, ಒಂದೇ ಕೀಲಿಮಣೆ ಹಲವು ಯಂತ್ರಗಳಿಗೆ ಹಂಚುವ ಕೆವಿಎಂ ಸ್ವಿಚ್‌ಗಳಲ್ಲಿ ಈ ತಂತಿಗಳೇ ಇಲ್ಲದಿರುವುದುಂಟು. ಚಾವಣಿಗೆ ಕಟ್ಟಿದ ಪ್ರೊಜೆಕ್ಟರಿಗೆ ಗೋಡೆಯೊಳಗಿಂದ ಎಳೆದ ಉದ್ದ ಕೇಬಲ್‌ನಲ್ಲಿ ತಂತಿ ಇದ್ದರೂ ಸಂಕೇತ ಕುಂದಿ ಹೋಗಬಹುದು.

ಪರೀಕ್ಷಿಸುವುದು ಕಷ್ಟವಿಲ್ಲ. ಸಿಸ್ ಫೋಲ್ಡರಿನೊಳಗಿನ ಕ್ಲಾಸ್, ಅದರೊಳಗಿನ ಡಿಆರ್‌ಎಂ ಎಂಬಲ್ಲಿಗೆ ಹೋದರೆ ಪ್ರತಿ ಸಾಕೆಟ್ಟಿಗೂ ಒಂದೊಂದು ಫೋಲ್ಡರ್ ಕಾಣುತ್ತದೆ. ಅದರಲ್ಲಿರುವ ಇಡಿಐಡಿ ಕಡತದ ಬೈಟ್‌ಗಳನ್ನು ಎಣಿಸಿ. 128 ಅಥವಾ ಅದರ ಗುಣಕ ಬಂದರೆ ಮಾಹಿತಿ ತಲುಪಿದೆ. ಸೊನ್ನೆ ಬಂದರೆ ತಲುಪಿಲ್ಲ. ಯಾವುದೇ ಕಡತ ಬರೆಯುವ ಮೊದಲು ಇದನ್ನು ನೋಡಿ. ಸೊನ್ನೆ ಬಂದರೂ ತಕ್ಷಣ ಬರೆಯಲು ಕೂರಬೇಡಿ, ಬೇರೊಂದು ಕೇಬಲ್ ಹಾಕಿ ನೋಡಿ. ಕೆಲವು ನೂರು ರೂಪಾಯಿಯ ಕೇಬಲ್ ಒಂದು ಸಂಜೆಯ ಟರ್ಮಿನಲ್ ಕೆಲಸವನ್ನು ಉಳಿಸುತ್ತದೆ. ಅದೂ ಆ ಯಂತ್ರಕ್ಕೆ ಮುಂದೆ ಯಾವ ಲಿನಕ್ಸ್ ಹಾಕಿದರೂ ಉಳಿಯುವ ಪರಿಹಾರ.

ಡೆಸ್ಕ್‌ಟಾಪಿನ ಸ್ವಂತ ಸೆಟ್ಟಿಂಗ್ಸ್

ಮಾಹಿತಿ ಸರಿಯಾಗಿ ಬರುತ್ತಿದ್ದರೆ ಗ್ನೋಮ್, ಕೆಡಿಇ, ಸಿನಮನ್, ಎಕ್ಸ್‌ಎಫ್‌ಸಿಇಗಳ ಡಿಸ್ಪ್ಲೇ ಪುಟವೇ ಸಾಕು. ಇದರ ಅತಿ ದೊಡ್ಡ ಗುಣ ಸುರಕ್ಷತೆ. ಗ್ನೋಮ್‌ನಲ್ಲಿ ಬದಲಾವಣೆ ಒಪ್ಪಿದ ಮೇಲೆ 20 ಸೆಕೆಂಡುಗಳ ಎಣಿಕೆ ಶುರುವಾಗುತ್ತದೆ. ಪರದೆ ಕಪ್ಪಾಗಿ ನೀವು ಏನೂ ಒತ್ತಲಾಗದಿದ್ದರೆ ಹಳೆಯದು ತಾನೇ ಮರಳುತ್ತದೆ. ಕೈಯಿಂದ ಬರೆದ ಯಾವ ಕಡತವೂ ಈ ಭರವಸೆ ಕೊಡುವುದಿಲ್ಲ.

ಇನ್ನೊಂದು ಗುಣ ನೆನಪು. ಗ್ನೋಮ್ ತನ್ನ ಸೆಟ್ಟಿಂಗನ್ನು ಮಾನಿಟರ್ಸ್.ಎಕ್ಸ್‌ಎಂಎಲ್ ಎಂಬ ಕಡತದಲ್ಲಿ ಇಡುತ್ತದೆ. ಯಾವ ಸಾಕೆಟ್, ಯಾವ ತಯಾರಕರು, ಯಾವ ಮಾದರಿ, ಸರಣಿ ಸಂಖ್ಯೆ ಎಷ್ಟು ಎಂಬುದರ ಸಮೇತ ಪ್ರತಿ ಜೋಡಣೆಯನ್ನೂ ಪ್ರತ್ಯೇಕವಾಗಿ ನೆನಪಿಡುತ್ತದೆ. ಮನೆಯ ಮಾನಿಟರಿಗೆ ಒಂದು ವಿನ್ಯಾಸ, ಕಚೇರಿಯ ಎರಡು ಮಾನಿಟರುಗಳಿಗೆ ಇನ್ನೊಂದು. ಲ್ಯಾಪ್‌ಟಾಪ್ ಹೊತ್ತು ತಿರುಗುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಕೈಯಿಂದ ಕಟ್ಟುವುದು ಸುಲಭವಲ್ಲ.

ಈ ಗುಣವೇ ಲ್ಯಾಬ್ ನೋಡಿಕೊಳ್ಳುವವರಿಗೆ ತೊಡಕಾಗುತ್ತದೆ. ಒಂದು ಯಂತ್ರದಲ್ಲಿ ಎಲ್ಲ ಸರಿಮಾಡಿ ಆ ಕಡತವನ್ನು ಉಳಿದ ಯಂತ್ರಗಳಿಗೆ ನಕಲು ಮಾಡಿದರೆ ಅದು ಕೆಲಸ ಮಾಡುವುದಿಲ್ಲ. ಮಾನಿಟರುಗಳು ಒಂದೇ ಕಂಪನಿಯ ಒಂದೇ ಮಾದರಿಯವಾದರೂ ಸರಣಿ ಸಂಖ್ಯೆ ಬೇರೆಯಾದರೆ ಗ್ನೋಮ್‌ಗೆ ಅದು ಬೇರೆ ಮಾನಿಟರ್. ಲಾಗಿನ್ ಪರದೆಯದೂ ಇದೇ ಕಥೆ. ಅದು ಬೇರೆಯೇ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ, ನಿಮ್ಮ ಹೋಮ್ ಫೋಲ್ಡರಿನ ಸೆಟ್ಟಿಂಗ್ ಅದಕ್ಕೆ ಕಾಣುವುದಿಲ್ಲ. ಲಂಬವಾಗಿ ನಿಲ್ಲಿಸಿದ ಮಾನಿಟರ್ ಲಾಗಿನ್ ಆಗುವವರೆಗೆ ಅಡ್ಡಲಾಗಿ ಅಕ್ಷರ ತೋರಿಸುವುದು ಇದರಿಂದಲೇ. ಆಗ ಆ ಕಡತವನ್ನು ಇಟಿಸಿ ಒಳಗಿನ ಎಕ್ಸ್‌ಡಿಜಿ ಫೋಲ್ಡರಿಗೆ ನಕಲಿಸಿದರೆ ಇಡೀ ಯಂತ್ರಕ್ಕೆ ಅನ್ವಯವಾಗುತ್ತದೆ. ಟೂಲ್ ಬರೆದದ್ದನ್ನೇ ಕೈಯಿಂದ ಸರಿಯಾದ ಜಾಗಕ್ಕೆ ಸಾಗಿಸುವ ಈ ನಡುದಾರಿ ನನಗೆ ಬಹಳ ಇಷ್ಟ. ಬರೆಯುವ ತಪ್ಪುಗಳಿಗೆ ಅಲ್ಲಿ ಜಾಗವಿಲ್ಲ.

ಕನ್ನಡ ಓದುವವರು ಇಲ್ಲಿ ಸ್ಕೇಲಿಂಗ್ ಬಗ್ಗೆ ವಿಶೇಷ ಗಮನ ಕೊಡಬೇಕು. 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ 1366×768 ಎಂದರೆ ಇಂಚಿಗೆ ಸುಮಾರು 100 ಪಿಕ್ಸೆಲ್. ಅದೇ ಅಳತೆಯಲ್ಲಿ 1920×1080 ಎಂದರೆ ಸುಮಾರು 141. ಎರಡನೆಯದರಲ್ಲಿ ಅಕ್ಷರಗಳು ತೀರ ಚಿಕ್ಕದಾಗಿ ಕಾಣುತ್ತವೆ ಎಂದು 125 ಶೇಕಡಾ ಸ್ಕೇಲಿಂಗ್ ಹಾಕಿಕೊಳ್ಳುತ್ತೇವೆ. ಎಕ್ಸ್ ಸೆಷನ್‌ನಲ್ಲಿ ಇಂಥ ಭಿನ್ನಾಂಕದ ಸ್ಕೇಲಿಂಗ್ ಸಾಮಾನ್ಯವಾಗಿ ನಡೆಯುವುದು ಚಿತ್ರವನ್ನು ದೊಡ್ಡದಾಗಿ ಬರೆದು ಮತ್ತೆ ಕುಗ್ಗಿಸುವ ಮೂಲಕ. ಇಂಗ್ಲಿಷ್ ಅಕ್ಷರ ಅದನ್ನು ತಾಳಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರಗಳು ತಾಳುವುದಿಲ್ಲ: ‘ಸ್ತ್ರ’, ‘ಕ್ಷ್ಮ’ ಮೊದಲಾದವುಗಳ ಕೆಳಗಿನ ಒತ್ತುಗಳು ಕಲಸಿಹೋಗುತ್ತವೆ. ಎಕ್ಸ್‌ನಲ್ಲಿರುವವರು ಪರದೆಯ ಸ್ಕೇಲಿಂಗ್ 100ರಲ್ಲೇ ಬಿಟ್ಟು, ಅಕ್ಷರದ ಗಾತ್ರದ ಪ್ರಮಾಣವನ್ನು ಮಾತ್ರ 1.2 ಅಥವಾ 1.25ಕ್ಕೆ ಏರಿಸಿಕೊಳ್ಳಿ. ಸಿನಮನ್‌ನಲ್ಲಿ ಇದು ಫಾಂಟ್ ಪುಟದಲ್ಲೇ ಇದೆ, ಗ್ನೋಮ್‌ನಲ್ಲಿ ಟ್ವೀಕ್ಸ್ ಎಂಬ ಹೆಚ್ಚುವರಿ ಟೂಲ್ ಹಾಕಿಕೊಂಡರೆ ಸಿಗುತ್ತದೆ. ಒತ್ತುಗಳು ಸ್ಫುಟವಾಗಿ ಮೂಡುತ್ತವೆ, ಹಳೆಯ ಗ್ರಾಫಿಕ್ಸ್ ಚಿಪ್ಪಿಗೂ ಹೊರೆ ಬೀಳುವುದಿಲ್ಲ.

ಡ್ರೈವರ್ ಟೂಲ್‌ಗಳು

ಉಬುಂಟುವಿನ ಹೆಚ್ಚುವರಿ ಡ್ರೈವರ್ ಪುಟ, ಮಿಂಟ್‌ನ ಡ್ರೈವರ್ ಮ್ಯಾನೇಜರ್ ಇವುಗಳ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ಎನ್ವಿಡಿಯಾ ಡ್ರೈವರನ್ನು ಕಂಪನಿಯ ತಾಣದಿಂದ ಇಳಿಸಿಕೊಂಡು ಕೈಯಿಂದ ಹಾಕುವುದಕ್ಕಿಂತ ಡಿಸ್ಟ್ರೋ ಮೂಲಕ ಹಾಕುವುದು ಎಲ್ಲ ರೀತಿಯಿಂದಲೂ ಮೇಲು. ಡಿಸ್ಟ್ರೋ ಕೊಟ್ಟದ್ದು ಕರ್ನಲ್ ಅಪ್‌ಡೇಟ್ ಆದಾಗ ಅದರ ಜೊತೆಗೇ ಹೊಂದಿಕೊಂಡು ಬರುತ್ತದೆ. ಕೈಯಿಂದ ಹಾಕಿದ್ದು ಒಂದು ಬೆಳಗ್ಗೆ ಅಪ್‌ಡೇಟ್ ನಂತರ ಕಪ್ಪು ಪರದೆಯಾಗಿ ಎದುರಾಗಬಹುದು.

ಎನ್ವಿಡಿಯಾದ ಸ್ವಂತ ಸೆಟ್ಟಿಂಗ್ಸ್ ಕಿಟಕಿಯ ಬಗ್ಗೆ ಮಾತ್ರ ಎಚ್ಚರ ಬೇಕು. ಅದರಲ್ಲಿ ‘ಎಕ್ಸ್ ಕಡತಕ್ಕೆ ಉಳಿಸು’ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಕಾರ್ಡ್, ಮಾನಿಟರ್, ಪರದೆ ಎಲ್ಲವನ್ನೂ ಹೆಸರಿಸಿ ಪೂರ್ತಿ ಎಕ್ಸ್‌ಆರ್ಗ್.ಕಾನ್ಫ್ ಬರೆದುಬಿಡುತ್ತದೆ. ಮುಂದೊಂದು ದಿನ ಆ ಕಾರ್ಡ್ ತೆಗೆದರೆ, ಅಥವಾ ತೆರೆದ ಮೂಲದ ಡ್ರೈವರಿಗೆ ಬದಲಾದರೆ, ಇಲ್ಲದ ಡ್ರೈವರನ್ನು ಹುಡುಕುತ್ತ ಗ್ರಾಫಿಕ್ಸ್ ಏಳುವುದೇ ಇಲ್ಲ. ಅಲ್ಲಿ ಪ್ರಯೋಗ ಮಾಡಿ ನೋಡಿ, ಆದರೆ ಶಾಶ್ವತಗೊಳಿಸುವ ಕೆಲಸ ಡೆಸ್ಕ್‌ಟಾಪ್ ಸೆಟ್ಟಿಂಗ್ಸಿಗೆ ಬಿಡಿ.

ಟರ್ಮಿನಲ್‌ನ ನಡುದಾರಿ

ಎಕ್ಸ್‌ನಲ್ಲಿ ಎಕ್ಸ್‌ರ್ಯಾಂಡರ್ ಎಂಬ ಆದೇಶವಿದೆ. ಇದು ಕಡತವನ್ನೇನೂ ಬರೆಯುವುದಿಲ್ಲ. ಲಾಗೌಟ್ ಆದರೆ ಮಾಡಿದ್ದೆಲ್ಲ ಮಾಯ. ಕೈಯಿಂದ ಬರೆಯಬೇಕೆನ್ನುವವರು ಮೊದಲು ಇಲ್ಲಿ ಪ್ರಯೋಗ ಮಾಡಲೇಬೇಕು ಎನ್ನುವುದು ಈ ಗುಣಕ್ಕಾಗಿಯೇ. ತಪ್ಪಾದರೆ ಯಂತ್ರವನ್ನು ಮರುಚಾಲನೆ ಮಾಡಿದರೆ ಮುಗಿಯಿತು.

ಪಟ್ಟಿಯಲ್ಲಿಲ್ಲದ ಮೋಡ್ ಸೇರಿಸುವ ಕ್ರಮವನ್ನು ಹತ್ತಿರದಿಂದ ನೋಡೋಣ. ಮೊದಲು ಸಿವಿಟಿ ಎಂಬ ಚಿಕ್ಕ ಆದೇಶಕ್ಕೆ 1920, 1080, 60 ಎಂದು ಕೊಟ್ಟರೆ ಅದು ಒಂದು ಮೋಡ್‌ಲೈನ್ (ಮೋಡ್‌ನ ಸಮಯದ ವಿವರಗಳಿರುವ ಸಾಲು) ಲೆಕ್ಕ ಹಾಕಿ ಕೊಡುತ್ತದೆ. ಆ ಸಾಲಿನ ಮೊದಲ ಸಂಖ್ಯೆ 173.00, ಅಂದರೆ ಸೆಕೆಂಡಿಗೆ 173 ದಶಲಕ್ಷ ಪಿಕ್ಸೆಲ್ (173 ಮೆಗಾಹರ್ಟ್ಸ್). ನಂತರ 1920, 2048, 2248, 2576 ಎಂಬ ನಾಲ್ಕು. ಆಮೇಲೆ 1080, 1083, 1088, 1120 ಎಂಬ ನಾಲ್ಕು. ಕಣ್ಣಿಗೆ ಕಾಣುವುದು 1920×1080 ಮಾತ್ರ. ಸಾಲಿನಿಂದ ಸಾಲಿಗೆ, ಚಿತ್ರದಿಂದ ಚಿತ್ರಕ್ಕೆ ಹೊರಳುವ ಬಿಡುವೂ ಸೇರಿ ಒಟ್ಟು ಲೆಕ್ಕ 2576×1120. ಆ ಬಿಡುವು ಸಿಆರ್‌ಟಿ ಕಾಲದ ಎಲೆಕ್ಟ್ರಾನ್ ಕಿರಣ ಹಿಂದಕ್ಕೆ ಬರಲು ಬೇಕಿದ್ದದ್ದು. ಎಲ್‌ಸಿಡಿಗೆ ಅಷ್ಟು ಬೇಡ.

ಬಹಳ ಜನ ಎಡವುವುದು ಇಲ್ಲಿ. ಸಿಂಗಲ್ ಲಿಂಕ್ ಡಿವಿಐ ಮತ್ತು ಹಳೆಯ ಎಚ್‌ಡಿಎಂಐ 165 ಮೆಗಾಹರ್ಟ್ಸ್‌ಗಿಂತ ಹೆಚ್ಚು ಹೊರುವುದಿಲ್ಲ. ಸಿವಿಟಿ ಕೊಟ್ಟ 173 ಆ ಮಿತಿ ಮೀರಿದೆ, ಹಾಗಾಗಿ ಮೋಡ್ ಸೇರಿಸಿದರೂ ಪರದೆ ಒಪ್ಪುವುದಿಲ್ಲ. ಅದೇ ಆದೇಶಕ್ಕೆ ಬಿಡುವು ಕಡಿಮೆ ಮಾಡುವ ‘ಆರ್’ ಆಯ್ಕೆ ಸೇರಿಸಿದರೆ ಲೆಕ್ಕ 138.50ಕ್ಕೆ ಇಳಿಯುತ್ತದೆ, ಒಟ್ಟು 2080×1111. ಅದೇ ಚಿತ್ರ, ಅದೇ 60 ಹರ್ಟ್ಸ್, ಮಿತಿಯೊಳಗೆ. ಎಲ್‌ಸಿಡಿ ಬಳಸುವವರು ಆ ಒಂದು ಅಕ್ಷರವನ್ನು ಮರೆಯಬಾರದು.

ಟೈಪ್ ಮಾಡಲು ಬೇಸರಪಡುವವರಿಗೆ ಎರ್ಯಾಂಡರ್ ಎಂಬ ಪುಟ್ಟ ಚಿತ್ರಾತ್ಮಕ ಟೂಲ್ ಇದೆ. ಮಾನಿಟರುಗಳನ್ನು ಎಳೆದು ಜೋಡಿಸಿದರೆ ಅದನ್ನೇ ಎಕ್ಸ್‌ರ್ಯಾಂಡರ್ ಆದೇಶವಿರುವ ಸ್ಕ್ರಿಪ್ಟ್ ಆಗಿ ಉಳಿಸಿಕೊಡುತ್ತದೆ. ಆಟೋರ್ಯಾಂಡರ್ ಒಂದು ಹೆಜ್ಜೆ ಮುಂದೆ ಹೋಗಿ ಜೋಡಿಸಿದ ಮಾನಿಟರ್ ಗುರುತಿಸಿ ತಾನೇ ವಿನ್ಯಾಸ ಬದಲಾಯಿಸುತ್ತದೆ. ಆದರೆ ಸ್ಕ್ರಿಪ್ಟ್‌ಗಳ ದೌರ್ಬಲ್ಯ ಸಾಕೆಟ್‌ಗಳ ಹೆಸರು. ಒಂದು ಡ್ರೈವರಿನಲ್ಲಿ ಎಚ್‌ಡಿಎಂಐ-1 ಎಂದಿದ್ದದ್ದು ಎಎಂಡಿ ಡ್ರೈವರಿನಲ್ಲಿ ಎಚ್‌ಡಿಎಂಐ-ಎ-0, ಎನ್ವಿಡಿಯಾದಲ್ಲಿ ಎಚ್‌ಡಿಎಂಐ-0. ಡ್ರೈವರ್ ಬದಲಾದ ದಿನ ಸ್ಕ್ರಿಪ್ಟ್ ಸುಮ್ಮನಾಗುತ್ತದೆ.

ವೇಲ್ಯಾಂಡ್‌ನಲ್ಲಿ ಎಕ್ಸ್‌ರ್ಯಾಂಡರ್ ಪರದೆಯ ನಿಜವಾದ ಮೋಡ್ ಬದಲಾಯಿಸಲಾರದು. ಅಲ್ಲಿ ಗ್ನೋಮ್ 48ರಿಂದ ಜಿಡಿಸಿಟಿಎಲ್, ಕೆಡಿಇಯಲ್ಲಿ ಕೆಸ್ಕ್ರೀನ್-ಡಾಕ್ಟರ್ ಎಂಬ ಆದೇಶಗಳಿವೆ.

ಕೈಯಿಂದ ಬರೆಯುವುದು

ಕೈಬರಹ ನಿಜವಾಗಿ ಗೆಲ್ಲುವ ಜಾಗಗಳು ಕೆಲವೇ, ಆದರೆ ಅಲ್ಲಿ ಅದಕ್ಕೆ ಸಾಟಿಯಿಲ್ಲ. ವಿಡಿಯೊ ನೋಡುವಾಗ ಚಿತ್ರ ಅಡ್ಡಕ್ಕೆ ಹರಿದಂತೆ ಕಾಣುವ ತೊಂದರೆ ಎಕ್ಸ್‌ನಲ್ಲಿ ಸಾಮಾನ್ಯ. ಎಎಂಡಿ ಡ್ರೈವರಿನಲ್ಲಿ ಇದಕ್ಕೆ ಟಿಯರ್‌ಫ್ರೀ ಎಂಬ ಆಯ್ಕೆಯಿದೆ, ಆದರೆ ಅದು ಡೆಸ್ಕ್‌ಟಾಪ್ ಸೆಟ್ಟಿಂಗ್ಸ್ ಪುಟಗಳಲ್ಲಿ ಕಾಣಸಿಗುವುದಿಲ್ಲ. ಇಟಿಸಿ ಒಳಗಿನ ಎಕ್ಸ್11 ಫೋಲ್ಡರಿನ ಎಕ್ಸ್‌ಆರ್ಗ್.ಕಾನ್ಫ್.ಡಿ ಒಳಗೆ ಒಂದು ಕಡತ. ಅದರಲ್ಲಿ ಡಿವೈಸ್ ವಿಭಾಗದ ಆರಂಭ, ಗುರುತಿನ ಹೆಸರು, ಡ್ರೈವರ್ ಹೆಸರು, ಈ ಆಯ್ಕೆ, ವಿಭಾಗದ ಅಂತ್ಯ. ಐದು ಸಾಲು. ಉಳಿದದ್ದನ್ನು ಎಕ್ಸ್ ಮೊದಲಿನಂತೆಯೇ ತಾನೇ ಪತ್ತೆಮಾಡಿಕೊಳ್ಳುತ್ತದೆ. ತುಣುಕು ಕಡತದ ಲಾಭವೇ ಇದು: ನೀವು ಹೇಳಿದ್ದಷ್ಟೇ ಬದಲಾಗುತ್ತದೆ, ಹೇಳದ್ದು ಹಾಳಾಗುವುದಿಲ್ಲ.

ಎಕ್ಸ್‌ನಲ್ಲಿ ಓಡುವ ಲ್ಯಾಬ್‌ಗೂ ಇದೇ ದಾರಿ. ಮಾನಿಟರ್ ವಿಭಾಗದ ತುಣುಕು ಸಾಕೆಟ್ ಹೆಸರಿನ ಮೇಲೆ ನಡೆಯುತ್ತದೆ, ಸರಣಿ ಸಂಖ್ಯೆಯ ಮೇಲೆ ಅಲ್ಲ. ಒಂದೇ ಬಗೆಯ ಯಂತ್ರಗಳಿಗೆ ಒಂದೇ ಕಡತ ನಕಲು ಮಾಡಿದರೆ ಸಾಕು. ಲಾಗಿನ್ ಪರದೆಯಿಂದಲೇ ಜಾರಿಯಾಗುತ್ತದೆ, ವಿದ್ಯಾರ್ಥಿಗಳು ಬದಲಾಯಿಸಿದರೂ ಮುಂದಿನ ಬಳಕೆದಾರನಿಗೆ ಮೂಲ ವಿನ್ಯಾಸವೇ ಸಿಗುತ್ತದೆ.

ಇಡಿಐಡಿ ಸಿಗದ ಪ್ರೊಜೆಕ್ಟರಿಗೆ ಇನ್ನೂ ಕೆಳಗಿನ ಹಂತದಲ್ಲಿ ಪರಿಹಾರವಿದೆ: ಕರ್ನಲ್‌ಗೆ ಬೂಟ್ ಸಮಯದಲ್ಲೇ ಹೇಳುವುದು. ಯಂತ್ರ ಏಳುವಾಗ ಕರ್ನಲನ್ನು ಶುರುಮಾಡುವ ಗ್ರಬ್‌ನ ಸಾಲಿನಲ್ಲಿ ವಿಡಿಯೊ ಎಂಬ ನಿಯತಾಂಕಕ್ಕೆ ಸಾಕೆಟ್ ಹೆಸರು, ರೆಸಲ್ಯೂಷನ್, ರಿಫ್ರೆಶ್ ರೇಟ್ ಕೊಟ್ಟರೆ ಆ ಮೋಡ್ ಪಟ್ಟಿಗೆ ಸೇರುತ್ತದೆ. ಕೊನೆಯಲ್ಲಿ ‘ಇ’ ಅಕ್ಷರ ಸೇರಿಸಿದರೆ ಮಾನಿಟರ್ ಪತ್ತೆಯಾಗದಿದ್ದರೂ ಆ ಸಾಕೆಟ್ ಜೀವಂತವಾಗಿರುತ್ತದೆ. ಇದು ಎಕ್ಸ್‌ಗೂ ವೇಲ್ಯಾಂಡ್‌ಗೂ ಸಮಾನವಾಗಿ ಅನ್ವಯಿಸುತ್ತದೆ. ರಾಸ್ಪ್‌ಬೆರಿ ಪೈ ಫಲಕಗಳನ್ನು ನಡೆಸುವವರಿಗೂ ಈಗ ಇದೇ ದಾರಿ. ಕಾನ್ಫಿಗ್.ಟಿಎಕ್ಸ್‌ಟಿಯಲ್ಲಿ ಎಚ್‌ಡಿಎಂಐ ಗುಂಪು, ಎಚ್‌ಡಿಎಂಐ ಮೋಡ್ ಎಂದು ಬರೆಯುವ ಹಳೆಯ ಸಲಹೆಗಳು ಹೊಸ ಗ್ರಾಫಿಕ್ಸ್ ಡ್ರೈವರಿನಲ್ಲಿ ನಡೆಯುವುದಿಲ್ಲ. ಬೂಟ್ ವಿಭಾಗದ ಸಿಎಂಡಿಲೈನ್.ಟಿಎಕ್ಸ್‌ಟಿಯಲ್ಲಿ ಬರೆಯಬೇಕು.

ವೇಲ್ಯಾಂಡ್ ಮೇಲೆ ನಡೆಯುವ ಸ್ವೇ ಬಳಸುವವರಿಗೆ ಈ ಚರ್ಚೆಯೇ ಬೇಡ. ಅಲ್ಲಿ ಕಡತವೇ ಸೆಟ್ಟಿಂಗ್ಸ್; ಪ್ರತಿ ಮಾನಿಟರಿಗೆ ಒಂದು ಸಾಲು, ಉಳಿಸಿ ರೀಲೋಡ್ ಮಾಡಿದರೆ ಜಾರಿ. ಮಾನಿಟರ್ ಬದಲಾದಂತೆ ವಿನ್ಯಾಸ ಬದಲಾಗಬೇಕಾದರೆ ಕಾನ್ಶಿ ಎಂಬ ಟೂಲ್ ಜೊತೆಗಿಟ್ಟುಕೊಳ್ಳಿ.

ಪರದೆ ಕಪ್ಪಾದರೆ

ಕೈಯಿಂದ ಬರೆಯುವ ಮುನ್ನ ಈ ದಾರಿಯನ್ನು ಒಮ್ಮೆ ನಡೆದು ನೋಡಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರೀ ಅಕ್ಷರಗಳ ಲಾಗಿನ್ ಬರುತ್ತದೆ. ಅಲ್ಲಿಂದ ನೀವು ಬರೆದ ಕಡತದ ಹೆಸರು ಬದಲಾಯಿಸಿ ಮರುಚಾಲನೆ ಮಾಡಿ, ಎಕ್ಸ್‌ಆರ್ಗ್.ಕಾನ್ಫ್.ಡಿಯಲ್ಲಿ ಹೆಸರಿನ ಕೊನೆಗೆ ಕಾನ್ಫ್ ಇಲ್ಲದ ಕಡತಗಳನ್ನು ಎಕ್ಸ್ ಓದುವುದಿಲ್ಲ. ಎಕ್ಸ್‌ನ ದಾಖಲೆ (ಲಾಗ್) ಕಡತದಲ್ಲಿ ಎರಡು ‘ಇ’ ಗುರುತಿರುವ ಸಾಲುಗಳು ದೋಷಗಳು, ಮೊದಲು ಅವನ್ನು ಓದಿ. ಗ್ನೋಮ್‌ನ ಮಾನಿಟರ್ಸ್.ಎಕ್ಸ್‌ಎಂಎಲ್ ಕೆಟ್ಟಿದ್ದರೆ ಅಳಿಸಿಬಿಡಿ, ಅದು ಹೊಸದಾಗಿ ಹುಟ್ಟುತ್ತದೆ. ಗ್ರಬ್‌ನ ಸಾಲು ತಪ್ಪಾಗಿದ್ದರೆ ಬೂಟ್ ಪಟ್ಟಿಯಲ್ಲಿ ‘ಇ’ ಒತ್ತಿ ಆ ಒಂದು ಸಲಕ್ಕೆ ತೆಗೆದು ಮುಂದುವರಿಯಬಹುದು.

ನಿಮ್ಮ ಸಂದರ್ಭಕ್ಕೆ ಯಾವುದು?

ಒಂದು ಲ್ಯಾಪ್‌ಟಾಪ್, ಒಂದೆರಡು ಮಾನಿಟರ್, ಹೊಸ ಕೇಬಲ್: ಡೆಸ್ಕ್‌ಟಾಪ್ ಸೆಟ್ಟಿಂಗ್ಸ್. ಬೇರೆ ಯೋಚನೆ ಬೇಡ. ಎನ್ವಿಡಿಯಾ ಕಾರ್ಡಿದ್ದರೆ ಡ್ರೈವರ್ ಡಿಸ್ಟ್ರೋದಿಂದ, ವಿನ್ಯಾಸ ಡೆಸ್ಕ್‌ಟಾಪಿನಿಂದ.

ಹಳೆಯ ಡೆಸ್ಕ್‌ಟಾಪ್, ವಿಜಿಎ ಮಾನಿಟರ್, ಖರ್ಚು ಮಾಡುವ ಸ್ಥಿತಿಯಿಲ್ಲ: ಇಡಿಐಡಿ ಬರುತ್ತಿಲ್ಲವೆಂದು ಖಚಿತವಾದ ಮೇಲೆ ಎಕ್ಸ್‌ರ್ಯಾಂಡರ್‌ನಲ್ಲಿ ಮೋಡ್ ಪರೀಕ್ಷಿಸಿ, ಸರಿಬಂದದ್ದನ್ನು ಮಾನಿಟರ್ ವಿಭಾಗದ ತುಣುಕಾಗಿ ಬರೆಯಿರಿ. ಸ್ವಲ್ಪ ಖರ್ಚು ಮಾಡಬಲ್ಲಿರಾದರೆ ಕೇಬಲ್ ಮೊದಲು. ತರಗತಿಯ ಪ್ರೊಜೆಕ್ಟರಿಗೆ ದಿನಕ್ಕೊಬ್ಬ ಶಿಕ್ಷಕರ ಲ್ಯಾಪ್‌ಟಾಪ್ ಜೋಡಿಸುವುದಾದರೆ ಪ್ರತಿ ಯಂತ್ರದಲ್ಲೂ ಕಡತ ಬರೆಯುವುದು ಅಸಾಧ್ಯ. ಅಲ್ಲಿ ಇಡಿಐಡಿಯನ್ನು ತಾನೇ ನೆನಪಿಟ್ಟು ಹೇಳುವ ಎಮ್ಯುಲೇಟರ್ ಎಂಬ ಚಿಕ್ಕ ಸಾಧನವನ್ನು ಪ್ರೊಜೆಕ್ಟರ್ ಕೇಬಲಿನ ತುದಿಗೆ ಹಾಕುವುದು ಸರಿಯಾದ ಖರ್ಚು.

ಲ್ಯಾಬ್‌ಗೆ ಕೈಬರಹ, ಆದರೆ ಮುಂದಿನ ಅಪ್‌ಗ್ರೇಡ್ ಯಾವುದೆಂದು ನೋಡಿಕೊಂಡು. ಉಬುಂಟು 25.10 ಮತ್ತು ಫೆಡೋರಾ 43ರಲ್ಲಿ ಗ್ನೋಮ್‌ನ ಎಕ್ಸ್ ಸೆಷನ್ ಇಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಎಕ್ಸ್‌ಆರ್ಗ್ ಸರ್ವರನ್ನೇ ಕೈಬಿಟ್ಟಿದೆ. ಅಲ್ಲಿಗೆ ಹೋದ ದಿನ ನಿಮ್ಮ ಎಕ್ಸ್ ತುಣುಕುಗಳೆಲ್ಲ ನಿಷ್ಫಲ. ಎಕ್ಸ್ ತುಣುಕುಗಳನ್ನೇ ನೆಚ್ಚಿಕೊಂಡಿರುವವರು ಸದ್ಯಕ್ಕೆ ಮಿಂಟ್ ಅಥವಾ ಎಕ್ಸ್‌ಎಫ್‌ಸಿಇ ಹಾಕಿದ ಡೆಬಿಯನ್‌ನಲ್ಲಿ ಉಳಿಯುವುದು ಒಳ್ಳೆಯದು. ಹೊಸದಾಗಿ ಲ್ಯಾಬ್ ಕಟ್ಟುತ್ತಿರುವವರು ರೆಸಲ್ಯೂಷನ್‌ಗೆ ಸಂಬಂಧಿಸಿದ್ದನ್ನು ಕರ್ನಲ್ ಸಾಲಿನಲ್ಲೇ ಇಡಲಿ. ಡೆಸ್ಕ್‌ಟಾಪ್ ಯಾವುದಕ್ಕೆ ಬದಲಾದರೂ ಅದನ್ನು ಮತ್ತೆ ಬರೆಯಬೇಕಾಗುವುದಿಲ್ಲ.